ಇದು ಸ್ಕಾನಾ, ಸಾಲ್ಸಾನಾ? ವಿಸೆಂಟಿಕೊ ಬಗೆಗಿನ ಹಳೇ ಜಗಳದ ಹಿನ್ನೆಲೆ

ಅರ್ಜೆಂಟೀನಾದ ಲೋಸ್ ಫಾಬುಲೋಸೋಸ್ ಕ್ಯಾಡಿಲಾಕ್ಸ್ ತಂಡದ ಮಾತು ಬಂದರೆ ಒಂದು ಜಗಳವೂ ಜೊತೆಗೇ ಬರುತ್ತದೆ. ಕೆಲವರ ಲೆಕ್ಕದಲ್ಲಿ ಅದು ಸ್ಕಾ ತಂಡ. ಇನ್ನು ಕೆಲವರ ಲೆಕ್ಕದಲ್ಲಿ, ಸ್ಕಾ ಬಿಟ್ಟು ಸಾಲ್ಸಾ (ಕ್ಯೂಬಾದ ಬೇರಿನ ಕುಣಿತದ ಸಂಗೀತ) ಹಿಂದೆ ಹೋಗಿ ಹಾಳಾದ ತಂಡ. ತಂಡದ ಗಾಯಕ ವಿಸೆಂಟಿಕೊ ಹಾಡಲು ಶುರುಮಾಡಿ ಹತ್ತಿರ ಹತ್ತಿರ ನಲವತ್ತು ವರ್ಷವಾಯಿತು. ಜಗಳ ಮಾತ್ರ ಮುಗಿದಿಲ್ಲ.

ಮೊದಲು ಸ್ಕಾ ಅಂದರೆ ಏನು ಅಂತ ನೋಡೋಣ. ಸುಮ್ನೆ ಒಂದೇ ಸಮನೆ ಚಪ್ಪಾಳೆ ತಟ್ಟಿ. ಕೈಗೆ ಕೈ ಬಡಿದಾಗ ಗಿಟಾರ್ ಸುಮ್ಮನಿರುತ್ತದೆ. ಕೈ ಬಿಟ್ಟುಕೊಂಡಾಗ, ಎರಡು ಚಪ್ಪಾಳೆಗಳ ನಡುವೆ, 'ಚಕ್' ಅನ್ನುತ್ತದೆ. ಗುಟ್ಟು ಅಷ್ಟೇ. ಕುಳಿತವರ ಕಾಲು ಕುಣಿಯಲು ಅಷ್ಟು ಸಾಕು.

1950ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ ಇದು ಹತ್ತೇ ವರ್ಷದಲ್ಲಿ ನಿಧಾನಗತಿಗಿಳಿದು ರಾಕ್‌ಸ್ಟೆಡಿಯಾಯಿತು, ರೆಗ್ಗೆಯಾಯಿತು. 1979ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಪ್ಪು-ಬಿಳಿ ಚೌಕಳಿ ತೊಟ್ಟು ಮತ್ತೆ ಎದ್ದಿತು. 'ಶುದ್ಧ ಸ್ಕಾ' ಬೇಕು ಅನ್ನುವವರು ಒಂದು ಸಣ್ಣ ವಿಷಯ ಬಿಟ್ಟುಬಿಡುತ್ತಾರೆ. ಸ್ಕಾದ ಹಿರಿಯ ಗಾಯಕ ಲಾರೆಲ್ ಐಟ್ಕೆನ್ ಹುಟ್ಟಿದ್ದು ಕ್ಯೂಬಾದಲ್ಲಿ. ಟ್ರೊಂಬೋನಿನ ರಿಕೊ ರಾಡ್ರಿಗಸ್, ಸ್ಯಾಕ್ಸೊಫೋನಿನ ರೋಲಂಡ್ ಅಲ್ಫಾನ್ಸೊ ಕೂಡ ಅಲ್ಲಿಯವರೇ. ಬೆರಕೆ ಬೇರಿನಲ್ಲೇ ಇತ್ತು, ಅಲ್ವಾ?

1982ರಲ್ಲಿ ಬ್ರಿಟನ್ ಜೊತೆ ಯುದ್ಧ ನಡೆದಾಗ ಅರ್ಜೆಂಟೀನಾದ ರೇಡಿಯೋಗಳಿಂದ ಇಂಗ್ಲಿಷ್ ಹಾಡುಗಳನ್ನು ಎತ್ತಿಹಾಕಿದರು. ಖಾಲಿಬಿದ್ದ ಜಾಗಕ್ಕೆ ಸ್ಪ್ಯಾನಿಷ್ ರಾಕ್ ನುಗ್ಗಿತು. ಮರುವರ್ಷ ಸೇನಾ ಆಡಳಿತವೂ ಹೋಯಿತು. ಬ್ಯೂನಸ್ ಐರಿಸ್‌ನ ಹುಡುಗರು ಕ್ಯಾಡಿಲಾಕ್ಸ್ ಕಟ್ಟಿದ್ದು ಆ ಗಾಳಿಯಲ್ಲೇ. ಇಂಗ್ಲೆಂಡಿನ ವಿರುದ್ಧ ಯುದ್ಧ ಮಾಡಿದ ಊರಲ್ಲಿ ಇಂಗ್ಲೆಂಡಿನಿಂದ ಬಂದ ಸ್ಕಾ!

1988ರಲ್ಲಿ ಮೊದಲ ತಿರುವು. ಇಪ್ಪತ್ತನಾಲ್ಕರ ಆಸುಪಾಸಿನ ವಿಸೆಂಟಿಕೊ ಜೊತೆ, ಅರವತ್ತು ದಾಟಿದ ಸಾಲ್ಸಾ ರಾಣಿ ಸೀಲಿಯಾ ಕ್ರೂಸ್ 'ವಾಸೋಸ್ ವಸಿಯೋಸ್' ಹಾಡಿದರು. ಖಾಲಿ ಲೋಟಗಳು ಅಂತ ಅರ್ಥ. ಗಿಟಾರ್ ಜಮೈಕಾದ್ದು, ದನಿ ಕ್ಯೂಬಾದ್ದು. ಕೇಳುವಾಗ ಯಾರು ಯಾರ ಮನೆಗೆ ನೆಂಟರಾಗಿ ಬಂದರು ಅಂತ ಗೊತ್ತೇ ಆಗುವುದಿಲ್ಲ.

ನನ್ನ ಮಟ್ಟಿಗೆ ಕಥೆಯ ನಡುಗಂಬ 1992ರ 'ಎಲ್ ಲಿಯೋನ್' ಆಲ್ಬಮ್. ಬಂದ ಹೊಸದರಲ್ಲಿ ಅದು ಜಾಸ್ತಿ ಓಡಲಿಲ್ಲ. ಸ್ಕಾ ಎಲ್ಲಿ ಹೋಯಿತು ಅಂತ ಕೇಳುವವರಿಗೆ ಅದರಲ್ಲಿ ಉತ್ತರವೂ ಇರಲಿಲ್ಲ. ಆದರೆ ಪನಾಮಾದ ಸಾಲ್ಸಾ ಗಾಯಕ ರೂಬೆನ್ ಬ್ಲೇಡ್ಸ್ ಬರೆದ 'ದೆಸಾಪರಿಸಿಯೋನೆಸ್' ಅದರಲ್ಲಿತ್ತು. ಕಾಣೆಯಾದ ಮಗ, ಗಂಡ, ಅಕ್ಕನನ್ನು ಹುಡುಕುವ ಮನೆಯವರ ಹಾಡು. ಅರ್ಜೆಂಟೀನಾದಲ್ಲಿ ಸೇನಾ ಆಡಳಿತದ ಕಾಲಕ್ಕೆ ಕಾಣೆಯಾದವರು 30,000 ಅನ್ನುತ್ತವೆ ಮಾನವ ಹಕ್ಕು ಸಂಘಟನೆಗಳು. ಅಂಥ ನೆಲದಲ್ಲಿ ಈ ಹಾಡು ಹಾಡಿದಾಗ, ಅದು ಯಾವ ಜಾತಿಯ ತಾಳ ಅಂತ ಕೇಳುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

1993ರಲ್ಲಿ ಹಳೇ ಹಾಡುಗಳ ಸಂಗ್ರಹವೊಂದು ಬಂತು. ಅದಕ್ಕೆ ಸೇರಿಸಿದ ಹೊಸ ಹಾಡು 'ಮಟಡೋರ್'. ಬ್ರೆಜಿಲ್‌ನ ಬೀದಿ ಮೆರವಣಿಗೆಯ ಡ್ರಮ್ಮುಗಳ ಗತ್ತು, ಪೊಲೀಸರು ಬೆನ್ನಟ್ಟಿದ ಒಬ್ಬ ಬಂಡಾಯಗಾರನ ಕಥೆ, ನಡುವೆ ಚಿಲಿಯ ಗಾಯಕ ವಿಕ್ತೋರ್ ಹಾರಾ ಹೆಸರು. ಬರೆದವರು ತಂಡದ ಬಾಸ್ ಗಿಟಾರ್‌ನ ಫ್ಲಾವಿಯೊ ಸಿಯಾನ್ಸಿಯಾರುಲೊ. ಇಡೀ ಖಂಡ ಅದನ್ನು ಹಾಡಿತು. ಸ್ಕಾ ತಂಡ ಅಂತ ಹೆಸರಾದವರ ಅತಿ ದೊಡ್ಡ ಹಾಡಿನಲ್ಲಿ ಸ್ಕಾಗಿಂತ ಮೆರವಣಿಗೆಯೇ ಜಾಸ್ತಿ.

ಆಮೇಲಿನದು ಬೇಗ ಹೇಳಬಹುದು. 1997ರ ಆಲ್ಬಮ್‌ನಲ್ಲಿ ಟ್ಯಾಂಗೋ, ಜಾಝ್, ಅಬ್ಬರದ ಹಾರ್ಡ್‌ಕೋರ್ ರಾಕ್ ಎಲ್ಲ ಒಂದೇ ಬಾಣಲೆಗೆ ಬಿದ್ದವು. ಅದರ ಒಂದು ಹಾಡಿಗೆ ಬ್ಲೇಡ್ಸ್ ಅವರೇ ಬಂದು ದನಿ ಕೊಟ್ಟರು. ಲ್ಯಾಟಿನ್ ರಾಕ್‌ಗೆ ಮೊದಲ ಬಾರಿ ಕೊಟ್ಟ ಗ್ರಾಮಿ ಪ್ರಶಸ್ತಿ 1998ರಲ್ಲಿ ಈ ಆಲ್ಬಮ್‌ಗೇ ಬಂತು. 2002ರಲ್ಲಿ ವಿಸೆಂಟಿಕೊ ಒಬ್ಬರೇ ಆಲ್ಬಮ್ ಮಾಡಿದರು, ಬೊಲೆರೊ ಅನ್ನುವ ನಿಧಾನಗತಿಯ ಪ್ರೇಮಗೀತೆ ಹಾಡಿದರು. ಜಗಳ ಮತ್ತೆ ಹೊಸದಾಯಿತು. 2008ರಲ್ಲಿ ತಂಡ ಮತ್ತೆ ಸೇರಿತು. ಮುಂದೆ ವಿಸೆಂಟಿಕೊ ಮಗ, ಫ್ಲಾವಿಯೊ ಮಗ ಇಬ್ಬರೂ ಅದೇ ತಂಡದಲ್ಲಿ ನುಡಿಸತೊಡಗಿದರು.

2023ರ ಜೂನ್ 3ರಂದು ಮೆಕ್ಸಿಕೋ ಸಿಟಿಯ ಸೋಕಲೊ ಚೌಕದಲ್ಲಿ ಕ್ಯಾಡಿಲಾಕ್ಸ್ ಉಚಿತ ಕಾರ್ಯಕ್ರಮ ಕೊಟ್ಟರು. ನಗರಾಡಳಿತದ ಲೆಕ್ಕದಂತೆ ಸೇರಿದವರು 3 ಲಕ್ಷ ಜನ.