ಸಮಿತಿಯ ಕುರ್ಚಿಯೋ, ವಕಾಲತ್ತೋ?

ತಾಲ್ಲೂಕು ಕೇಂದ್ರಗಳಲ್ಲಿ ಹಗಲು ಕೋರ್ಟು, ಸಂಜೆ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಎಂದು ಓಡಾಡುವ ವಕೀಲರು ಬೇಕಾದಷ್ಟಿದ್ದಾರೆ. ಮಸೀದಿ, ಚರ್ಚು, ಬಸದಿಗಳಲ್ಲೂ ಹಾಗೆಯೇ. ಕಾನೂನು ಬಲ್ಲವರೊಬ್ಬರು ಇರಲಿ ಎಂದು ಊರವರೇ ಹಿಡಿದು ಕೂರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ತೊಡಕು ಹುಟ್ಟುವುದು ಅದೇ ಸಮಿತಿ ಒಂದು ದಾವೆ ಹೂಡಿದಾಗ.

ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 8ನೆಯದು ಸ್ಪಷ್ಟವಾಗಿದೆ: ಒಂದು ಸಂಸ್ಥೆಯ ಆಡಳಿತ ಸಮಿತಿಯಲ್ಲಿರುವ ವಕೀಲರು ಆ ಸಂಸ್ಥೆಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹಾಜರಾಗುವಂತಿಲ್ಲ. ಸಮಿತಿಗೆ ಯಾವ ಹೆಸರಿದ್ದರೂ ಆಡಳಿತ ಅದರ ಕೈಯಲ್ಲಿದ್ದರೆ ಸಾಕು. ಕೋರ್ಟಷ್ಟೇ ಅಲ್ಲ, ಬೇರೆ ಪ್ರಾಧಿಕಾರಗಳೂ ಇದರಲ್ಲಿ ಸೇರುತ್ತವೆ. ‘ಫೀಸು ತಗೊಳ್ಳಲ್ಲ, ದೇವರ ಕೆಲಸ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಫೀಸಿಲ್ಲದ ಹಾಜರಾತಿಗೆ ವಿನಾಯಿತಿ ಇರುವುದು ವಕೀಲರ ಪರಿಷತ್ತು, ವಕೀಲರ ಸಂಘದಂಥವುಗಳಿಗೆ ಮಾತ್ರ.

ಹಾಗಾದರೆ ರಾಜೀನಾಮೆ ಕೊಟ್ಟು ವಕಾಲತ್ತು ಹಾಕಬಹುದೇ? ಹಾಕಬಹುದು, ಆದರೆ ನಡಾವಳಿ ಪುಸ್ತಕ ತೆಗೆದು ನೋಡಿದ ಮೇಲೆ. ವಿವಾದದ ಜಾಗದ ಬಗ್ಗೆ ಆದ ಹಳೆಯ ಠರಾವಿನಲ್ಲಿ ನಿಮ್ಮ ಸಹಿ ಇದ್ದರೆ ನಾಳೆ ನೀವೇ ಸಾಕ್ಷಿ. ಸಾಕ್ಷಿಯಾಗುವ ಸಂಭವ ಇದೆಯೆಂದು ಅನಿಸುವ ಕೇಸನ್ನು ಹಿಡಿಯಬಾರದು ಎನ್ನುತ್ತದೆ 13ನೇ ನಿಯಮ. ಅಂಥಲ್ಲಿ ಅದೇ ಬಾರ್‌ನ ಇನ್ನೊಬ್ಬರಿಗೆ ಕೇಸು ವಹಿಸಿ, ಕಾಗದಪತ್ರ ಜೋಡಿಸಿಕೊಡುವುದೇ ದೊಡ್ಡ ಸೇವೆ.

ಭಕ್ತಿ ಇರುವ ವಕೀಲರು ನಿಜವಾಗಿ ಬೇಕಾಗುವುದು ಕೇಸು ಹುಟ್ಟುವ ಮುಂಚೆ, ಮುಖ್ಯವಾಗಿ ಜಮೀನಿನ ದಾನದಲ್ಲಿ. ಹಿರಿಯರು ಜಾತ್ರೆಯಲ್ಲಿ ನಿಂತು ‘ಅರ್ಧ ಎಕರೆ ದೇವರಿಗೆ’ ಎನ್ನುತ್ತಾರೆ. ಪಹಣಿ ಮಾತ್ರ ಅವರ ಹೆಸರಲ್ಲೇ ಉಳಿಯುತ್ತದೆ, ಅವರು ತೀರಿದ ಮೇಲೆ ಮಕ್ಕಳು ಬೇಲಿ ಹಾಕುತ್ತಾರೆ. ದೇವರಿಗೇ ಬಾಯಿಮಾತಿನಲ್ಲಿ ಬಿಟ್ಟದ್ದನ್ನು ಕೋರ್ಟು ಒಪ್ಪುವುದೇ ಇಲ್ಲವೆಂದಲ್ಲ, ಆದರೆ ಸಾಬೀತು ಮಾಡುವ ಹೊರೆ ದೇವಸ್ಥಾನದ ತಲೆಗೆ. ಟ್ರಸ್ಟಿನ ಹೆಸರಿಗೆ ಕೊಡುವುದಾದರೆ ದಾನಪತ್ರ ನೋಂದಣಿಯಾಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ದಾನಿ ಬದುಕಿರುವಾಗಲೇ ಟ್ರಸ್ಟು ಅದನ್ನು ಸ್ವೀಕರಿಸಿರಬೇಕು. ಸ್ವೀಕಾರದ ಠರಾವು ಮೊದಲೇ ಆಗಿ, ಯಾರು ಸಹಿ ಮಾಡುತ್ತಾರೆಂಬುದೂ ಅದರಲ್ಲಿ ಬಂದಿರಲಿ. ಸಹಿಯಾದ ದಿನದಿಂದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಿದ್ದರೆ, ಆ ಭಾಗವನ್ನು ಅಳೆದು ತೋರಿಸುವ ಸರ್ವೆ ಇಲಾಖೆಯ 11-ಇ ನಕ್ಷೆ ಮೊದಲು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪೂರ್ವಕ್ಕೆ ರಸ್ತೆ’ ಎಂದು ಬರೆದು ಕೈತೊಳೆದುಕೊಂಡರೆ ಹತ್ತು ವರ್ಷದ ಮೇಲೆ ಆ ರಸ್ತೆ ಯಾವುದೆಂದು ಹೇಳುವವರು ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಜಮೀನು ಸ್ವಯಾರ್ಜಿತವೋ, ಪಿತ್ರಾರ್ಜಿತವೋ? ಹಿಂದೂ ಕುಟುಂಬದ ಯಜಮಾನ ಧರ್ಮಕಾರ್ಯಕ್ಕೆ ಒಟ್ಟು ಆಸ್ತಿಯ ಸಣ್ಣ ಭಾಗವನ್ನು ಕೊಡಬಹುದು, ಹೊಲದ ಮುಕ್ಕಾಲು ಪಾಲನ್ನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳೂ ಸಮಾನ ಪಾಲುದಾರರು. ಮಕ್ಕಳೆಲ್ಲರ ಒಪ್ಪಿಗೆ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು, ಗಂಡುಮಕ್ಕಳ ಸಹಿ ಮಾತ್ರ ಸಾಲದು. ನೋಂದಣಿಯಾಯಿತು ಎಂದು ಹಾರ ಹಾಕಿಸಿಕೊಂಡು ಸುಮ್ಮನಾಗದೆ, ಪಹಣಿಯಲ್ಲಿ ಖಾತೆ ಬದಲಾಗಿದೆಯೇ ಎಂದು ತೆಗೆದು ನೋಡಬೇಕು. ಬಹಳ ಕಡೆ ಕೆಲಸ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ಗುಡಿಯ ಜಗಲಿಯ ಮೇಲೆ ಅಣ್ಣತಮ್ಮಂದಿರ ಪಾಲು ಮಾಡಿಸುವುದು ಇನ್ನೊಂದು ಸೇವೆ. ಅಲ್ಲಿ ಛಾಪಾ ಕಾಗದದ ಮೇಲೆ ‘ಈ ದಿನ ಹೀಗೆ ಭಾಗ ಮಾಡಿಕೊಂಡಿದ್ದೇವೆ’ ಎಂದು ಬರೆದು ನೋಂದಾಯಿಸದೆ ಬಿಟ್ಟ ಪಾಲುಪಟ್ಟಿಯನ್ನು, ಪಾಲಿನ ಹಕ್ಕು ಸ್ಥಾಪಿಸಲು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ರಾಜಿ ನಿಜವಾಗಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ದಾವೆಪೂರ್ವ ಪ್ರಕರಣವಾಗಿ ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿಯ ತೀರ್ಮಾನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಪಂಚಾಯಿತಿಗೆ ಕರೆಯದೇ ಬಿಟ್ಟ ಅಕ್ಕತಂಗಿಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಸಿಗುತ್ತದೆ. ಇದನ್ನು ಅವರಿಗೆ ಹೇಳುವುದು ವಕೀಲರ ಕರ್ತವ್ಯ. ಜಗಲಿಯ ಮೇಲೆ ಅಣ್ಣನಿಗೆ ಸಲಹೆ ಕೊಟ್ಟವರು ಮುಂದೆ ಅದೇ ದಾವೆಯಲ್ಲಿ ತಮ್ಮನ ವಕಾಲತ್ತು ಹಿಡಿಯುವುದು ಮಾತ್ರ ಸಲ್ಲದು. ಪ್ರಸಾದದ ಸಾಲಿನಲ್ಲಿ ಹತ್ತು ಜನರೆದುರು ಕೇಸಿನ ಮಾತು ತೆಗೆಯುವ ಕಕ್ಷಿದಾರರನ್ನೂ ನಯವಾಗಿ ‘ಆಫೀಸಿಗೆ ಬನ್ನಿ’ ಎನ್ನಬೇಕು.

ಇನ್ನು ಜಾತ್ರೆಯ ಫ್ಲೆಕ್ಸು. 36ನೇ ನಿಯಮ ಜಾಹೀರಾತನ್ನು ನಿಷೇಧಿಸುತ್ತದೆ. ನಾಮಫಲಕ, ಲೆಟರ್‌ಹೆಡ್‌ಗಳಲ್ಲಿ ಯಾವುದೇ ಸಂಸ್ಥೆಯ ಜೊತೆಗಿನ ನಂಟನ್ನು ಬರೆಯುವಂತಿಲ್ಲ. ‘ವಕೀಲರು ಹಾಗೂ ದೇವಸ್ಥಾನ ಸಮಿತಿ ಅಧ್ಯಕ್ಷರು’ ಎಂದು ಆಫೀಸಿನ ಬೋರ್ಡು ಬರೆಸಿದ್ದರೆ ಅಳಿಸಿಬಿಡಿ. ಶುಭಕೋರುವ ಫ್ಲೆಕ್ಸಿನಲ್ಲಿ ಹೆಸರು ಸಾಕು, ಫೋನ್ ನಂಬರು ಬೇಡ.