ನಾಸ್ತಿಕ ಎಂದರೆ ದೇವರನ್ನು ನಂಬದವನೇ?

ಪ್ರಶ್ನೆ: ದೇವರಿದ್ದಾನೆಯೇ ಎಂದು ಅನುಮಾನಿಸುವವನನ್ನು ನಾಸ್ತಿಕ ಎನ್ನಬಹುದೇ?

ಉತ್ತರ: ಇಂದಿನ ಕನ್ನಡದ ರೂಢಿಯಲ್ಲಿ ದೇವರಿಲ್ಲ ಎನ್ನುವವನು ನಾಸ್ತಿಕ, ನಿರ್ಧರಿಸಲಾಗದೆ ಉಳಿದವನು ಸಂದೇಹವಾದಿ. ಉತ್ತರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ‘ಶಾಸ್ತ್ರಗಳೂ ದೇವರನ್ನು ನಂಬದವನನ್ನೇ ನಾಸ್ತಿಕ ಎಂದಿವೆ’ ಎಂಬ ಮಾತು ಈ ಪ್ರಶ್ನೆಯ ಬೆನ್ನಿಗೇ ಬರುತ್ತದೆ, ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ.

ಶಾಸ್ತ್ರಗಳು ಹಾಗೆ ಹೇಳಿಲ್ಲ. ಆಸ್ತಿಕ, ನಾಸ್ತಿಕ ಪದಗಳನ್ನು ಸಾಧಿಸುವ ಪಾಣಿನಿಯ ಸೂತ್ರದಲ್ಲಿ (4.4.60) ದೇವರ ಸುದ್ದಿಯೇ ಇಲ್ಲ, ಅದನ್ನು ವಿವರಿಸುವ ಕಾಶಿಕಾವೃತ್ತಿಯ ಪ್ರಕಾರ ಪರಲೋಕವುಂಟು ಎಂದು ತಿಳಿದವನು ಆಸ್ತಿಕ, ಅದಕ್ಕೆ ವಿರುದ್ಧವಾದವನು ನಾಸ್ತಿಕ. ಮನುಸ್ಮೃತಿಗೆ (2.11) ವೇದವನ್ನು ನಿಂದಿಸುವವನೇ ನಾಸ್ತಿಕ. ದೇವರೇ ಅಳತೆಗೋಲಾಗಿದ್ದರೆ ಸೃಷ್ಟಿಕರ್ತನಿಗೆ ಎಡೆಗೊಡದ ಸಾಂಖ್ಯ ಮತ್ತು ಪೂರ್ವಮೀಮಾಂಸೆಗಳು ಆಸ್ತಿಕ ದರ್ಶನಗಳ ಪಂಕ್ತಿಯಲ್ಲಿ ಕೂರುವಂತೆಯೇ ಇರಲಿಲ್ಲ. ಸಾಂಖ್ಯಕಾರಿಕೆಯನ್ನು ಬರೆದವನ ಹೆಸರು ಈಶ್ವರಕೃಷ್ಣ. ಅವನು ಎಣಿಸುವ 25 ತತ್ತ್ವಗಳಲ್ಲಿ ಮಾತ್ರ ಈಶ್ವರನಿಲ್ಲ! ಮೀಮಾಂಸಕನಾದ ಕುಮಾರಿಲ ಭಟ್ಟನಂತೂ ತನ್ನ ಶ್ಲೋಕವಾರ್ತಿಕದ ಆರಂಭದಲ್ಲೇ, ಲೋಕಾಯತದಂತೆ, ಅಂದರೆ ಪರಲೋಕವನ್ನೊಪ್ಪದ ಚಾರ್ವಾಕರ ಮತದಂತೆ, ಆಗಿಬಿಟ್ಟಿದ್ದ ಮೀಮಾಂಸೆಯನ್ನು ಆಸ್ತಿಕರ ಹಾದಿಗೆ ತರುವುದೇ ತನ್ನ ಪ್ರಯತ್ನ ಎನ್ನುತ್ತಾನೆ, ಮುಂದೆ ಅದೇ ಗ್ರಂಥದಲ್ಲಿ ಜಗತ್ತನ್ನು ಸೃಷ್ಟಿಸಿದ ಕರ್ತೃವೊಬ್ಬನಿದ್ದಾನೆ ಎಂಬ ವಾದವನ್ನು ಪಟ್ಟುಹಿಡಿದು ಖಂಡಿಸುತ್ತಾನೆ. ಅವನಿಗೆ ಇವೆರಡರಲ್ಲಿ ವಿರೋಧವೇ ಕಾಣಲಿಲ್ಲ.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಎಳೆಯುವವನ ಮತವನ್ನೂ ಅವಲಂಬಿಸಿತ್ತು. ಮನುವಿನ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರಾಗುತ್ತಾರೆ. ಜೈನಾಚಾರ್ಯ ಹರಿಭದ್ರನು ಷಡ್ದರ್ಶನಸಮುಚ್ಚಯದಲ್ಲಿ ಅವರಿಬ್ಬರನ್ನೂ ಆಸ್ತಿಕರ ಸಾಲಿಗೇ ಸೇರಿಸಿ, ಲೋಕಾಯತರನ್ನು ಮಾತ್ರ ಹೊರಗಿಡುತ್ತಾನೆ. ಪರಲೋಕವನ್ನೂ ಕರ್ಮಫಲವನ್ನೂ ಒಪ್ಪುವ ಜೈನರಿಗೆ ಕಾಶಿಕೆಯ ಅರ್ಥದಲ್ಲಿ ನಾಸ್ತಿಕ ಎಂಬ ಬಿರುದು ಹೇಗೂ ಅಂಟದು.

ಸಂದೇಹದ ಮಾತು ಬಂದಿರುವುದರಿಂದ, ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಗೀತೆಯ ‘ಸಂಶಯಾತ್ಮಾ ವಿನಶ್ಯತಿ’ ಎಂಬುದನ್ನು ಉದ್ಧರಿಸುವವರು, ಅದೇ ಶ್ಲೋಕದಲ್ಲಿ (4.40) ಸಂಶಯಾತ್ಮನ ಜೊತೆಗೇ ಅಜ್ಞನನ್ನೂ ಹೆಸರಿಸಿರುವುದನ್ನು ಗಮನಿಸುವುದಿಲ್ಲ. ನ್ಯಾಯದ, ಅಂದರೆ ತರ್ಕಶಾಸ್ತ್ರದ, ಮೂಲಗ್ರಂಥವಾದ ನ್ಯಾಯಸೂತ್ರದ ಮೊದಲ ಸೂತ್ರವೇ ಎಣಿಸುವ 16 ಪದಾರ್ಥಗಳಲ್ಲಿ (ತಿಳಿಯಬೇಕಾದ ವಿಷಯಗಳಲ್ಲಿ) ಸಂಶಯವು ಮೂರನೆಯದು. ತೀರಾ ಅರಿಯದ ವಿಷಯದಲ್ಲಾಗಲಿ, ಆಗಲೇ ನಿರ್ಣಯವಾದ ವಿಷಯದಲ್ಲಾಗಲಿ ನ್ಯಾಯಕ್ಕೆ ಕೆಲಸವಿಲ್ಲ, ಸಂಶಯವಿರುವಲ್ಲಿ ಮಾತ್ರ ಅದು ಪ್ರವರ್ತಿಸುತ್ತದೆ ಎಂದು ಭಾಷ್ಯಕಾರ ವಾತ್ಸ್ಯಾಯನನು ಸ್ಪಷ್ಟವಾಗಿಯೇ ಬರೆದಿದ್ದಾನೆ.