ಪರ್ಸ್ ಸಿಕ್ಕ ಮೇಲೂ ಯಾಕೆ ಹೊಡೆದರು?

1998ರ ಅಕ್ಟೋಬರ್ 7ರ ಸಂಜೆ. ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿ ಊರಾಚೆ ಒಬ್ಬ ಹುಡುಗ ಸೈಕಲ್ ಹೊಡೆಯುತ್ತಿದ್ದ. ಮರದ ಬೇಲಿಗೆ ಯಾರೋ ಬೆರ್ಚಪ್ಪ ಕಟ್ಟಿದ್ದಾರೆ ಅಂದುಕೊಂಡ. ಹತ್ತಿರ ಹೋದರೆ ಅದು ಮನುಷ್ಯ. ಇನ್ನೂ ಉಸಿರಾಡುತ್ತಿದ್ದ.

ಅವನು ಮ್ಯಾಥ್ಯೂ ಶೆಪರ್ಡ್. 21 ವರ್ಷದ ವಿದ್ಯಾರ್ಥಿ, ಗೇ. ಸುಮಾರು 18 ಗಂಟೆ ಚಳಿಯಲ್ಲಿ ಹಾಗೇ ಇದ್ದ. ಅಕ್ಟೋಬರ್ 12ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಅಕ್ಟೋಬರ್ 6ರ ರಾತ್ರಿ ಬಾರಿನಲ್ಲಿ ಸಿಕ್ಕಿದ್ದ ಆರನ್ ಮೆಕಿನ್ನಿ, ರಸಲ್ ಹೆಂಡರ್ಸನ್ ಅನ್ನುವ ಅವನದೇ ವಯಸ್ಸಿನವರು ಟ್ರಕ್ಕಿನಲ್ಲಿ ಕರೆದೊಯ್ದು, ಪರ್ಸ್ ಕಿತ್ತುಕೊಂಡು, ಬೇಲಿಗೆ ಕಟ್ಟಿದ್ದರು. ಮೆಕಿನ್ನಿ ಪಿಸ್ತೂಲಿನಿಂದ ತಲೆಗೆ ಮತ್ತೆ ಮತ್ತೆ ಜಜ್ಜಿದ್ದ.

ಅಂದಿನಿಂದ ಜಗಳ ನಿಂತಿಲ್ಲ. ಇದು ದ್ವೇಷ ಅಂದವರಿದ್ದಾರೆ, ಬರೀ ದರೋಡೆ ಅಂದವರಿದ್ದಾರೆ. ಕೆಲವು ವರ್ಷಗಳ ಮೇಲೆ ಮಾದಕವಸ್ತುವಿನ ಕೈವಾಡದ ಮಾತೂ ಬಂತು. ಮೆಕಿನ್ನಿಯ ವಕೀಲರು ‘ಶೆಪರ್ಡ್ ಮೈಮುಟ್ಟಿದ, ಇವನಿಗೆ ತಲೆ ಕೆಟ್ಟಿತು’ ಎಂದು ವಾದಿಸಲು ನೋಡಿದರು. ನ್ಯಾಯಾಧೀಶರು ಅದಕ್ಕೆ ಅವಕಾಶ ಕೊಡಲಿಲ್ಲ.

ಇವುಗಳಲ್ಲಿ ಒಂದನ್ನೇ ಆರಿಸಬೇಕು ಅನ್ನುವುದೇ ತಪ್ಪು ಅಂತ ನನಗನಿಸುತ್ತದೆ. ಪರ್ಸ್ ಕೈಗೆ ಬಂದ ಮೇಲೆ ದರೋಡೆ ಮುಗಿಯಿತಲ್ವಾ? ಮತ್ತೆ ಅಷ್ಟು ಏಟು ಯಾಕೆ?

ಇಲ್ಲಿ ಒಂದು ಪ್ರಯೋಗ ನೆನಪಾಗುತ್ತದೆ. 2009ರಲ್ಲಿ ಮನೋವಿಜ್ಞಾನಿ ಜೆನಿಫರ್ ಬಾಸನ್ ಮತ್ತು ಸಂಗಡಿಗರು ಕೆಲವು ಗಂಡಸರ ಕೈಯಲ್ಲಿ ಗೊಂಬೆ ತಲೆಗೆ ಜಡೆ ಹೆಣೆಸಿದರು, ಉಳಿದವರ ಕೈಯಲ್ಲಿ ಹಗ್ಗ. ಬೆರಳಿನ ಕೆಲಸ ಒಂದೇ. ಆಮೇಲೆ ಎಲ್ಲರಿಗೂ ಒಂದು ಪ್ಯಾಡಿಗೆ ಗುದ್ದಲು ಹೇಳಿದರು. ಜಡೆ ಹೆಣೆದವರು ಜಾಸ್ತಿ ಜೋರಾಗಿ ಗುದ್ದಿದರು! ಗಂಡಸ್ತನವನ್ನು ಪದೇ ಪದೇ ತೋರಿಸದಿದ್ದರೆ ಅದು ಕೈಜಾರುತ್ತದೆ ಅನ್ನುವ ಭಯ ಅನೇಕ ಗಂಡಸರಲ್ಲಿದೆ ಎಂದು ಈ ಸಂಶೋಧಕರು ಹೇಳುತ್ತಾರೆ. ಪ್ಯಾಡಿಗೆ ಗುದ್ದುವುದಕ್ಕೂ ತಲೆ ಜಜ್ಜುವುದಕ್ಕೂ ಬಹಳ ದೂರ, ನಿಜ. ಆದರೆ ಆ ಭಯ ಕೈಯ ಬಲವನ್ನು ಹೆಚ್ಚಿಸುತ್ತದೆ ಅನ್ನುವುದು ಸಣ್ಣ ಮಾತಲ್ಲ. ಪಕ್ಕದಲ್ಲಿ ನೋಡಲು ಗೆಳೆಯನಿದ್ದರಂತೂ ಕೇಳುವುದೇ ಬೇಡ.

ಅಪರಾಧ ಸಂಶೋಧಕರಾದ ಜ್ಯಾಕ್ ಮೆಕ್‌ಡೆವಿಟ್, ಜ್ಯಾಕ್ ಲೆವಿನ್ ಮತ್ತು ಸೂಸನ್ ಬೆನೆಟ್ ಬಾಸ್ಟನ್ ಪೊಲೀಸರ 169 ದ್ವೇಷಾಪರಾಧ ಪ್ರಕರಣಗಳನ್ನು ಬಿಡಿಸಿ ನೋಡಿದರು. ಬೇರೆ ಬೇರೆ ಗುಂಪಿನವರ ಮೇಲೆ ನಡೆದ ದಾಳಿಗಳು ಅವು. ಮೂರರಲ್ಲಿ ಎರಡು ಪಾಲು ಸುಮ್ನೆ ಮಜಾಕ್ಕೆ, ರೋಮಾಂಚನಕ್ಕೆ ನಡೆದಿದ್ದವು. ‘ಇಂಥವರನ್ನು ಇಲ್ಲವಾಗಿಸುವುದೇ ನನ್ನ ಕೆಲಸ’ ಅಂತ ಹೊರಟವರು 1 ಶೇಕಡಾಕ್ಕಿಂತ ಕಡಿಮೆ.

ಅಂದರೆ ದ್ವೇಷ ಅನ್ನುವುದು ಯಾವಾಗಲೂ ಕುದಿಯುವ ಸಿಟ್ಟಾಗಿ ಇರಬೇಕಿಲ್ಲ. ಯಾರಿಗೆ ಹೊಡೆದರೆ ಕೇಳೋರಿಲ್ಲ, ಯಾರ ನೋವು ಲೆಕ್ಕಕ್ಕಿಲ್ಲ ಅನ್ನುವುದನ್ನು ಅದು ಮೊದಲೇ ತೀರ್ಮಾನಿಸಿರುತ್ತದೆ. ಹಣದಾಸೆ, ಬೇಸರ, ನಶೆ, ಗೆಳೆಯನ ಮುಂದೆ ಗತ್ತು ಎಲ್ಲವೂ ಆ ದಾರಿಯಲ್ಲೇ ಹರಿದು ಹೋಗುತ್ತವೆ. ಹಣ ಬೇಕಿತ್ತು ಅಂದ ಮಾತ್ರಕ್ಕೆ ದ್ವೇಷ ಇರಲಿಲ್ಲ ಎಂದಾಗುವುದಿಲ್ಲ.

ಇಬ್ಬರಿಗೂ 1999ರಲ್ಲಿ ಎರಡೆರಡು ಜೀವಾವಧಿ ಶಿಕ್ಷೆಯಾಯಿತು. ಮ್ಯಾಥ್ಯೂನ ಅಪ್ಪ ಅಮ್ಮ ಮಾತ್ರ ಮಗನ ಚಿತಾಭಸ್ಮವನ್ನು 20 ವರ್ಷ ಎಲ್ಲೂ ಸಮಾಧಿ ಮಾಡಲಿಲ್ಲ. ಯಾರಾದರೂ ಬಂದು ಸಮಾಧಿಯನ್ನು ಹಾಳುಮಾಡಿಯಾರು ಅನ್ನುವ ಭಯ. 2018ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್ ಅವನಿಗೆ ಜಾಗ ಕೊಟ್ಟಿತು.